ಸಮಾಧಾನ ಹೇಳುವುದು

ಗದಗ ಸೀಮೆಯಲ್ಲಿ ಸಾವಿನ ಮನೆಗೆ ಯಾರೂ ‘ಸಂತೈಸಲು’ ಹೋಗುವುದಿಲ್ಲ. ಅದೇ ದಿನ ಹೋದರೆ ‘ಮಣ್ಣಿಗೆ ಹೋಗೂದು’. ಅದು ತಪ್ಪಿದರೆ ಆಮೇಲೊಂದು ದಿನ ‘ಮಾತಾಡಿಸಿಕೊಂಡು ಬರೂದು’. ಹೋಗಿ ಕೂತವರು ಮಾಡುವ ಕೆಲಸಕ್ಕೆ ‘ಸಮಾಧಾನ ಹೇಳೂದು’ ಎಂದು ಹೆಸರು. ಅಳುವವರು ಕಣ್ಣೊರೆಸಿಕೊಂಡರೆ ‘ಸಮಾಧಾನ ಆತು’, ಇಲ್ಲವಾದರೆ ‘ಎಷ್ಟ ಹೇಳಿದ್ರೂ ಸಮಾಧಾನ ಆಗವಲ್ದು’. ಕೋಟುಮಚಗಿಯ ಕಟ್ಟೆಯ ಮೇಲೆ ಕೂತ ಹಿರಿಯನಿಗೆ ಸಂತೈಸು ಎಂಬ ಕ್ರಿಯಾಪದ ಗೊತ್ತಿಲ್ಲವೆಂದಲ್ಲ. ಪುರಾಣ ಕೇಳಿದವನು, ವಚನ ಕೇಳಿದವನು, ಚೆನ್ನಾಗಿಯೇ ಗೊತ್ತು. ಆದರೆ ಅದು ಅವನಿಗೆ ಕೇಳುವ ಪದ, ಆಡುವ ಪದವಲ್ಲ. ಬಾಯಿಗೆ ಬರುವುದು ಸಮಾಧಾನವೇ.

ಇದರಲ್ಲೊಂದು ತಮಾಷೆಯಿದೆ. ಸಂತೈಸು ಕನ್ನಡದ ನಾಲಿಗೆಗೆ ಪೂರ್ತಿ ಒಗ್ಗಿಹೋದ ತದ್ಭವ, ಸಮಾಧಾನ ಮಹಾಪ್ರಾಣವನ್ನೂ ಬಿಟ್ಟುಕೊಡದ ತತ್ಸಮ. ಲೆಕ್ಕದ ಪ್ರಕಾರ ಮೊದಲನೆಯದು ಅಂಗಳದಲ್ಲಿ, ಎರಡನೆಯದು ಪಾಠಶಾಲೆಯಲ್ಲಿ ಇರಬೇಕಿತ್ತು. ಆದದ್ದು ತಿರುವುಮುರುವು. ಪಂಡಿತರ ಪದ ಅಂಗಳಕ್ಕೆ ಇಳಿಯಿತು, ಅಂಗಳದ ಪದ ಪುಸ್ತಕಕ್ಕೆ ಏರಿತು.

ಸಮಾಧಾನದ ಹುಟ್ಟು ಸಂಸ್ಕೃತದಲ್ಲಿ. ‘ಧಾ’ ಎಂದರೆ ಇಡು. ಅದಕ್ಕೆ ಮುಂದೆ ‘ಸಮ್’, ‘ಆ’ ಎಂಬ ಎರಡು ಉಪಸರ್ಗ. ಚೆಲ್ಲಾಪಿಲ್ಲಿಯಾದದ್ದನ್ನು ಕೂಡಿಸಿ ಒಂದು ಕಡೆ ಸರಿಯಾಗಿ ಇಡುವುದು ಅದರ ಮೂಲ ಅರ್ಥ. ಇದರ ಒಡಹುಟ್ಟಿದವರು ನಮಗೆ ದಿನವೂ ಎದುರಾಗುವವರೇ: ಸಂಧಿ, ಸಂಧಾನ, ನಿಧಾನ, ವಿಧಾನ, ಸಮಾಧಿ. ಬಯಲಾಟ ನೋಡಿದವರಿಗೆ ಕೃಷ್ಣಸಂಧಾನ ಗೊತ್ತು. ಗದಗ ಸೀಮೆಯ ಲಿಂಗಾಯತರಿಗೂ ಬೆಟಗೇರಿಯ ಕ್ರೈಸ್ತರಿಗೂ ಸಮಾಧಿ ಗೊತ್ತು, ಇಬ್ಬರೂ ಸತ್ತವರನ್ನು ಮಣ್ಣಿನಲ್ಲಿ ಇಡುವವರು. ಸಮಾಧಿ ಮತ್ತು ಸಮಾಧಾನಕ್ಕೆ ಧಾತುವೂ ಒಂದೇ, ಉಪಸರ್ಗಗಳೂ ಒಂದೇ, ಪ್ರತ್ಯಯ ಮಾತ್ರ ಬೇರೆ. ಸತ್ತವರಿಗೆ ಒಂದು, ಉಳಿದವರಿಗೆ ಇನ್ನೊಂದು ಎಂದು ಯಾರೋ ಪಾಲು ಹಚ್ಚಿಕೊಟ್ಟಂತಿದೆ.

ವೇದಾಂತಿಗಳ ಕೈಯಲ್ಲಿ ಈ ಪದ ಚಿತ್ತದ ಏಕಾಗ್ರತೆಯಾಯಿತು. ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂದು ಸಾಧಕನಿಗೆ ಬೇಕಾದ ಆರು ಸಂಪತ್ತುಗಳ ಪಟ್ಟಿಯಲ್ಲಿ ಕೊನೆಯದು ಇದೇ. ತರ್ಕ, ಮೀಮಾಂಸೆಯವರ ಕೈಯಲ್ಲಿ ಇದಕ್ಕೆ ಇನ್ನೊಂದು ಕೆಲಸ ಸಿಕ್ಕಿತು. ಎದುರಾಳಿ ಒಂದು ಆಕ್ಷೇಪ ಎತ್ತುತ್ತಾನೆ, ಸಿದ್ಧಾಂತಿ ಅದಕ್ಕೆ ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಾನೆ. ಆ ಉತ್ತರದ ಹೆಸರೂ ಸಮಾಧಾನ. ಆಕ್ಷೇಪ, ಸಮಾಧಾನ, ಮತ್ತೆ ಆಕ್ಷೇಪ, ಮತ್ತೆ ಸಮಾಧಾನ. ಶಾಸ್ತ್ರಗ್ರಂಥಗಳು ಇದೇ ಎರಡು ಕಾಲಿನ ಮೇಲೆ ನಡೆಯುತ್ತವೆ.

ಕೋಟುಮಚಗಿಯ ಹೆಸರು ಇಲ್ಲಿಗೆ ಬರುವುದು ಸುಮ್ಮನೆ ಅಲ್ಲ. ಇಂದು ಹೆಸರು, ಕಡಲೆ, ಬಿಳಿಜೋಳ ಬೆಳೆಯುವ ಈ ಎರೆಹೊಲದ ಊರು ಸಾವಿರ ವರ್ಷದ ಹಿಂದೆ ಉಮ್ಮಚಿಗೆ ಎಂಬ ಅಗ್ರಹಾರ. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವೊಂದು ಇಲ್ಲಿದೆ. ನ್ಯಾಸ ಮತ್ತು ಪ್ರಾಭಾಕರವನ್ನು ಕಲಿಸುವವರಿಗೆ ಭೂಮಿ ಬಿಟ್ಟ ವಿಷಯ ಅದರಲ್ಲಿದೆ. ನ್ಯಾಸ ಎಂದರೆ ವ್ಯಾಕರಣದ ವ್ಯಾಖ್ಯಾನ, ಪ್ರಾಭಾಕರ ಎಂದರೆ ಪ್ರಭಾಕರನ ಮೀಮಾಂಸೆ. ಅದೇ ಶಾಸನದಲ್ಲಿ ಬೈದವನಿಗೆ, ಹೊಡೆದವನಿಗೆ, ಆಯುಧ ಎಳೆದವನಿಗೆ ದಂಡದ ಕಟ್ಟಳೆಯೂ ಇದೆ. ಹುಡುಗರು ಮೀಮಾಂಸೆ ಓದುತ್ತಿದ್ದರು ಎಂದಮೇಲೆ ಆಕ್ಷೇಪ–ಸಮಾಧಾನದ ಜೋಡಿ ಅವರ ನಾಲಿಗೆಯ ಮೇಲೆ ದಿನವೂ ಆಡಿರಲೇಬೇಕು. ಈ ನೆಲದಲ್ಲಿ ಸಮಾಧಾನವು ಕಂಬನಿಗೆ ಮದ್ದಾಗುವ ಮೊದಲು ವಾದಕ್ಕೆ ಮದ್ದಾಗಿತ್ತು ಎಂಬುದು ನನ್ನ ಊಹೆ. ಶಾಸನ ಹಾಗೆಂದು ಹೇಳುವುದಿಲ್ಲ, ಪಠ್ಯಕ್ರಮ ಹೇಳುತ್ತದೆ.

ಉತ್ತರ ಎಂಬ ಅರ್ಥದಿಂದ ನೆಮ್ಮದಿ ಎಂಬ ಅರ್ಥಕ್ಕೆ ದಾರಿ ದೂರವಿಲ್ಲ. ಸಂಶಯ ಹೋದರೆ ಮನಸ್ಸು ಕೂರುತ್ತದೆ. ಆದರೆ ಈ ದಾರಿಯಲ್ಲಿ ನಮ್ಮ ಸುತ್ತಲಿನ ಭಾಷೆಗಳು ಬೇರೆ ಬೇರೆ ನಿಲ್ದಾಣದಲ್ಲಿ ಇಳಿದುಕೊಂಡಿವೆ. ತೆಲುಗಿನ ಶಾಲೆಯ ಹುಡುಗ ಪ್ರಶ್ನೆಗೆ ಬರೆಯುವುದು ‘ಸಮಾಧಾನಂ’, ಅಂದರೆ ಉತ್ತರ; ಅಲ್ಲಿ ಶಾಸ್ತ್ರದ ಅರ್ಥ ಹಾಗೆಯೇ ಉಳಿಯಿತು. ಹಿಂದಿಗೆ ಅದು ಸಮಸ್ಯೆಯ ಪರಿಹಾರ. ಮರಾಠಿಗೆ ತೃಪ್ತಿ, ಊಟವಾದ ಮೇಲೆ ಬರುವಂಥದ್ದು. ತಮಿಳು, ಮಲಯಾಳಕ್ಕೆ ಶಾಂತಿ. ಯುದ್ಧ ನಿಂತರೆ ಅಲ್ಲಿ ಸಮಾಧಾನ. ಕನ್ನಡ ಯಾವುದನ್ನೂ ಪೂರ್ತಿ ಬಿಡಲಿಲ್ಲ. ವಿಧಾನಸಭೆಯಲ್ಲಿ ಸಚಿವರ ಉತ್ತರ ‘ಸಮಾಧಾನಕರವಾಗಿಲ್ಲ’, ಜಗಳವಾಡಿದ ಅಣ್ಣತಮ್ಮಂದಿರಿಗೆ ಹಿರಿಯರು ‘ಸಮಾಧಾನ ಮಾಡಿಸುತ್ತಾರೆ’, ಅವಸರ ಮಾಡುವ ಹುಡುಗನಿಗೆ ಅವ್ವ ‘ಸಮಾಧಾನಲೆ ಉಣ್ಣು’ ಎನ್ನುತ್ತಾಳೆ, ಸತ್ತವರ ಮನೆಯಲ್ಲಿ ‘ಸಮಾಧಾನ ಹೇಳುತ್ತೇವೆ’. ಕೊನೆಯದು ನೆರೆಹೊರೆಯ ಭಾಷೆಗಳಿಗಿಂತ ನಮ್ಮಲ್ಲೇ ಗಟ್ಟಿಯಾಗಿ ಬೇರುಬಿಟ್ಟಿದೆ ಎಂದು ನನಗನ್ನಿಸುತ್ತದೆ.

ಸಂತೈಸು ಪದದ ಬಾಳು ಬೇರೆ. ಶಾಂತ ಕನ್ನಡಕ್ಕೆ ಬಂದು ‘ಸಂತ’ ಆಯಿತು. ಸಂತವಿಸು, ಸಂತಯಿಸು, ಸಂತೈಸು ಎಂದು ಕ್ರಿಯಾಪದವಾಯಿತು. ಹಳೆಯ ಕಾವ್ಯಗಳಲ್ಲಿ ಇದರ ಹರಹು ಇಂದಿಗಿಂತ ದೊಡ್ಡದು. ಅಳುವವರನ್ನು ತಣಿಸುವುದೂ ಸಂತೈಸುವುದೇ, ಕಾಪಾಡಿ ನೋಡಿಕೊಳ್ಳುವುದೂ ಸಂತೈಸುವುದೇ, ಸರಿಪಡಿಸುವುದೂ ಸಂತೈಸುವುದೇ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನೆನ್ನುವ ಕುಮಾರವ್ಯಾಸನಿಗೆ ಇದು ಕೈಗೆ ಒದಗುವ ಪದ. ಲೋಕದ ಡೊಂಕು ತಿದ್ದಲು ಹೊರಟವರನ್ನು ಬಸವಣ್ಣ ತಡೆದು ಕೇಳುವ ವಚನ ಶಾಲೆಯ ಮಕ್ಕಳಿಗೂ ಬಾಯಿಪಾಠ. ಮೊದಲು ಅವರವರ ಮೈ, ಅವರವರ ಮನಸ್ಸು ನೋಡಿಕೊಳ್ಳಲಿ ಎಂಬಲ್ಲಿ ಆತ ಬಳಸುವ ಕ್ರಿಯಾಪದ ಇದೇ ಸಂತೈಸು. ಅಲ್ಲಿ ಅದಕ್ಕೆ ಕಣ್ಣೀರಿನ ಸಂಬಂಧವಿಲ್ಲ, ನೆಟ್ಟಗೆ ಮಾಡಿಕೊಳ್ಳುವುದೆಂದೇ ಅರ್ಥ. ಅದೇ ವಚನದ ಕೊನೆಯಲ್ಲಿ ಪಕ್ಕದ ಮನೆಯ ನೋವಿಗೆ ಕಂಬನಿ ಸುರಿಸುವವರ ಮೇಲೂ ಒಂದು ಏಟು ಬೀಳುತ್ತದೆ. ಆ ಏಟಿನ ವಿಷಯಕ್ಕೆ ಆಮೇಲೆ ಬರಬೇಕಾಗುತ್ತದೆ.

ಈಗ ಬೈಬಲ್ಲು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಕೂತು, ಜೊತೆಯವರೊಂದಿಗೆ ಕನ್ನಡ ಬೈಬಲ್ ಮುಗಿಸಿದ್ದು 1831ರಲ್ಲಿ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನೇಕಾರರ ಊರಾದ ಬೆಟಗೇರಿಗೆ 1841ರಲ್ಲಿ. ಅದೇ ವರ್ಷ ಗದಗದ ಪಕ್ಕದ ಮಲ್ಲಸಮುದ್ರದಲ್ಲೂ ಒಂದು ನೆಲೆ ಮಾಡಿದರು. ಹಳೆಯ ಅನುವಾದವನ್ನು ತಿದ್ದುವ ಕೆಲಸದಲ್ಲಿ ಇವರೂ ಕೂಡಿಕೊಂಡರು. ತಿದ್ದುವವರ ಮುಂದೆ ಎರಡು ದೊಡ್ಡ ಪದಗಳಿದ್ದವು. ಒಂದು, ಹೀಬ್ರೂವಿನ ‘ಶಾಲೋಮ್’. ಯುದ್ಧವಿಲ್ಲದಿರುವುದು ಅದರ ಚೂರು ಅರ್ಥ ಮಾತ್ರ. ಧಾತುವಿನಲ್ಲಿರುವುದು ಪೂರ್ಣತೆ, ಒಡೆಯದೆ ಇಡಿಯಾಗಿರುವುದು. ಇನ್ನೊಂದು, ಗ್ರೀಕಿನ ‘ಪರಕಲೇಓ’. ಪಕ್ಕಕ್ಕೆ ಕರೆ ಎಂದು ಅದರ ಬಿಡಿ ಅರ್ಥ. ಬಳಕೆಯಲ್ಲಿ ಬೇಡಿಕೊಳ್ಳುವುದು, ಸಂತೈಸುವುದು, ಹುರಿದುಂಬಿಸುವುದು ಮೂರೂ.

ಶಾಲೋಮಿಗೆ ಅವರು ‘ಸಮಾಧಾನ’ ಕೊಟ್ಟರು. ಚೂರುಗಳನ್ನು ಕೂಡಿಸಿಡುವುದು ಎಂಬ ಸಂಸ್ಕೃತದ ಧಾತ್ವರ್ಥವೂ ಒಡೆಯದೆ ಇರುವುದು ಎಂಬ ಹೀಬ್ರೂ ಧಾತ್ವರ್ಥವೂ ಹೀಗೆ ಒಂದಕ್ಕೊಂದು ಕೂತದ್ದು ಅನುವಾದಕರ ಭಾಗ್ಯ. ಬೇಕೆಂದೇ ಮಾಡಿದರೋ, ಊರಿನ ಜಗಳ ತೀರಿಸುವವರ ಬಾಯಿಂದ ಎತ್ತಿಕೊಂಡರೋ, ಅಂತೂ ಪೌಲನ ಪತ್ರಗಳ ಮೊದಲ ಸಾಲಿನ ಹಾರೈಕೆಯಲ್ಲಿ, ಪುನರುತ್ಥಾನವಾದ ಯೇಸು ಬಾಗಿಲು ಹಾಕಿಕೊಂಡು ಕೂತ ಶಿಷ್ಯರ ನಡುವೆ ಬಂದು ಆಡುವ ಮೊದಲ ಮಾತಿನಲ್ಲಿ, ಯೆಶಾಯನು ಬರಲಿರುವವನಿಗೆ ಕೊಡುವ ಬಿರುದಿನಲ್ಲಿ ಸಮಾಧಾನ ಬಂದು ಕೂತಿತು. ಮುರಿದುಬಿದ್ದ ದೇವರು–ಮನುಷ್ಯರ ನಂಟು ಮತ್ತೆ ಕೂಡಿದ್ದಕ್ಕೂ ಅದೇ ಪದ. ಕ್ರೈಸ್ತ ಕನ್ನಡದಲ್ಲಿ ಸಮಾಧಾನ ಹೀಗೆ ಊರಿನ ಪದಕ್ಕಿಂತ ಎರಡು ಅಳತೆ ದೊಡ್ಡದಾಯಿತು.

ಹಾಗಾದಮೇಲೆ ಪರಕಲೇಓಗೆ ಬೇರೆ ಪದ ಬೇಕಾಯಿತು. ‘ಸಂತೈಸು’ ಬಂತು, ‘ಆದರಿಸು’, ‘ಆದರಣೆ’ ಬಂದವು. ಪವಿತ್ರಾತ್ಮನಿಗೆ ಯೋಹಾನನ ಸುವಾರ್ತೆ ಕೊಡುವ ಹೆಸರು ಇದೇ ಧಾತುವಿನಿಂದ ಹುಟ್ಟಿದ್ದು. ಕನ್ನಡದಲ್ಲಿ ಒಂದು ಅನುವಾದ ಅದನ್ನು ‘ಸಹಾಯಕ’ ಎಂದಿತು, ಇನ್ನೊಂದು ‘ಆದರಿಕ’ ಎಂದಿತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲಲ್ಲೇ ಪೌಲನು ಐದು ವಚನಗಳಲ್ಲಿ ಈ ಧಾತುವನ್ನು ಹತ್ತು ಸಲ ಬಳಸುತ್ತಾನೆ. (ಬೈಬಲಿನ ಸಾಲುಗಳಿಗೆ ಕನ್ನಡ ಕ್ರೈಸ್ತರು ವಚನ ಎಂದೇ ಹೆಸರಿಟ್ಟುಕೊಂಡಿದ್ದಾರೆ.) ಅವನು ಹೇಳುವ ಮಾತಿನ ತಾತ್ಪರ್ಯ ಇಷ್ಟು: ನಮ್ಮ ಕಷ್ಟದಲ್ಲಿ ದೇವರು ನಮ್ಮನ್ನು ಸಂತೈಸಿದ್ದು ನಾವೇ ಇಟ್ಟುಕೊಳ್ಳಲಿ ಎಂದಲ್ಲ, ಕಷ್ಟದಲ್ಲಿರುವ ಬೇರೆಯವರಿಗೆ ಅದನ್ನೇ ದಾಟಿಸಲಿ ಎಂದು. ಇದರಲ್ಲಿ ಗಮನಿಸಬೇಕಾದದ್ದು, ದಾಟಿಸಬೇಕಾದದ್ದು ಉತ್ತರವಲ್ಲ ಎಂಬುದು. ಕಷ್ಟ ಯಾಕೆ ಬಂತೆಂದು ಪೌಲನು ಅಲ್ಲಿ ವಿವರಿಸಲು ಹೋಗುವುದಿಲ್ಲ. ಏಷ್ಯದಲ್ಲಿ ತನಗೆ ಬದುಕುವ ಆಸೆಯೇ ಹೋಗಿತ್ತು ಎಂದು ಮಾತ್ರ ಹೇಳಿಕೊಳ್ಳುತ್ತಾನೆ. ನೊಂದವನು ನೊಂದವನಿಗೆ ಬರೆದ ಪತ್ರ ಅದು.

ಸಂತೈಸು ಪುಸ್ತಕದಲ್ಲಿ ನಿಂತುಹೋದದ್ದು ಬೈಬಲಿನಿಂದಲೇ ಎಂದರೆ ಅತಿಯಾದೀತು. ಆದರೆ ಆರಾಧನೆಯಲ್ಲಿ ವಾರವಾರ ಅದನ್ನು ಓದಿ ಕೇಳಿಸಿ ಜೀವಂತ ಇಟ್ಟವರಲ್ಲಿ ಕನ್ನಡ ಕ್ರೈಸ್ತರೂ ಇದ್ದಾರೆ. ಬೆಟಗೇರಿಯ ಕ್ರೈಸ್ತ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸಭಾಪಾಲಕರು ಪ್ರಾರ್ಥನೆಯಲ್ಲಿ ‘ಈ ಕುಟುಂಬವನ್ನು ಸಂತೈಸು’ ಎನ್ನುತ್ತಾರೆ. ಪ್ರಾರ್ಥನೆ ಮುಗಿದು ಕಣ್ಣು ತೆರೆದಮೇಲೆ ಅದೇ ಸಭಾಪಾಲಕರು ಮನೆಯ ಹೆಣ್ಣುಮಗಳಿಗೆ ‘ಸಮಾಧಾನ ತಗೋರಿ’ ಎನ್ನುತ್ತಾರೆ. ದೇವರೊಡನೆ ಒಂದು ಪದ, ನೆರೆಯವರೊಡನೆ ಒಂದು.

ಆ ಜನಕ್ಕೆ ಈ ಎರಡೂ ಪದಗಳ ಕೆಲಸ ಬಹಳ ಬಿತ್ತು. 1876ರಿಂದ 78ರವರೆಗೆ ಧಾತು–ಈಶ್ವರ ಸಂವತ್ಸರಗಳ ಬರ ಧಾರವಾಡ ಜಿಲ್ಲೆಯನ್ನು ತಿಂದಾಗ ಮಿಶನ್ನಿನವರು ಅನಾಥ ಮಕ್ಕಳನ್ನು ಕೂಡಿಸಿಕೊಂಡು ಸಾಕಿದರು. ಹಿಂದಿನ ಶತಮಾನದ ಆರಂಭದಲ್ಲಿ ಬೆಟಗೇರಿಯಲ್ಲಿ ಆಸ್ಪತ್ರೆ ಎದ್ದಿತು. ಸುತ್ತಲ ಹಳ್ಳಿಯವರಿಗೆ ಅದು ‘ಜರ್ಮನ್ ದವಾಖಾನಿ’. ಮೊದಲ ಮಹಾಯುದ್ಧ ಬಂದಾಗ ಆ ಜರ್ಮನರೇ ಸರಕಾರದ ಕಣ್ಣಿಗೆ ಶತ್ರುಗಳಾಗಿ ಬಂಧನಕ್ಕೊಳಗಾದರು, ದೇಶ ಬಿಟ್ಟರು. ಉಳಿದ ಸಭೆಯವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡೇ ನಿಲ್ಲಬೇಕಾಯಿತು. ಧೈರ್ಯ ಎಂಬುದೂ ಇಲ್ಲಿ ಹೇಳುವಂಥದ್ದು, ತಗೊಳ್ಳುವಂಥದ್ದು. ಸಮಾಧಾನದ ಬೆನ್ನಿಗೇ ಬರುತ್ತದೆ. ‘ಸಮಾಧಾನ ತಗೋ, ಧೈರ್ಯಾ ತಗೋ’ ಎಂದು ಒಂದೇ ಉಸಿರಿನಲ್ಲಿ ಅನ್ನುವಾಗ ಗದಗಿನವರು ಗ್ರೀಕಿನ ಆ ಒಂದು ಪದವನ್ನು ಎರಡಾಗಿ ಬಿಡಿಸಿ ಹೇಳುತ್ತಿರುತ್ತಾರೆ.

ನಿಘಂಟಿನ ಫರ್ಡಿನೆಂಡ್ ಕಿಟೆಲ್ಲರನ್ನು ಇಲ್ಲಿ ನೆನೆಯದೆ ಹೋಗಲಾಗದು. ಇದೇ ಮಿಶನ್ನಿನಿಂದ 1853ರಲ್ಲಿ ಬಂದವರು. 1862ರಲ್ಲೇ ಯೇಸುವಿನ ಕಥೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಬರೆದರು. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಪೌಲೀನ್ ತೀರಿಕೊಂಡರು. ಆಮೇಲೆ ಆಕೆಯ ಸಹೋದರಿಯನ್ನೇ ವರಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಅವರ ನಿಘಂಟಿನಲ್ಲಿ ಪಂಡಿತರ ಪದ, ಹೊಲದವರ ಪದ, ಗಾದೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂತಿವೆ. ದುಃಖಕ್ಕೂ ಸಮಾಧಾನಕ್ಕೂ ಅರ್ಥ ಬರೆಯುವಾಗ ಅವರ ಮನಸ್ಸಿನಲ್ಲಿ ಏನಿತ್ತೋ. ನಿಘಂಟು ಅಂಥದ್ದನ್ನು ಹೇಳುವ ಜಾಗವಲ್ಲ.

ಇಷ್ಟು ಹೊತ್ತಿಗೆ ಪದದ ಎರಡು ಬಾಳುಗಳು ಎದುರುಬದುರು ನಿಂತಂತಾಯಿತು: ಆಕ್ಷೇಪಕ್ಕೆ ಕೊಡುವ ಸಮಾಧಾನ, ಅಳುವವರಿಗೆ ಹೇಳುವ ಸಮಾಧಾನ. ಇವೆರಡನ್ನು ಕಲಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೈಬಲಿನಲ್ಲಿ 42 ಅಧ್ಯಾಯದ ಒಂದು ಪುಸ್ತಕವೇ ಇದೆ.

ಯೋಬ ಊಚ್ ದೇಶದವನು, ಎತ್ತು, ಕುರಿ, ಒಂಟೆ ಉಳ್ಳವನು. ಒಂದೇ ದಿನ ಎಲ್ಲ ಹೋಯಿತು. ಹತ್ತು ಮಕ್ಕಳೂ ಹೋದರು. ಮೈತುಂಬ ಹುಣ್ಣು. ಸುದ್ದಿ ಕೇಳಿ ಮೂವರು ಗೆಳೆಯರು ಬಂದರು: ತೇಮಾನಿನ ಎಲೀಫಜ, ಶೂಹದ ಬಿಲ್ದದ, ನಾಮಾಥದ ಚೋಫರ. ದೂರದಿಂದ ನೋಡಿದಾಗ ಗುರುತು ಹತ್ತಲಿಲ್ಲ. ಗಟ್ಟಿಯಾಗಿ ಅತ್ತರು, ಮೇಲಂಗಿ ಹರಿದುಕೊಂಡರು, ತಲೆಯ ಮೇಲೆ ಮಣ್ಣು ತೂರಿಕೊಂಡರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಅವನ ನೋವು ಬಹಳ ದೊಡ್ಡದೆಂದು ಕಂಡು ಒಬ್ಬರೂ ಒಂದು ಮಾತೂ ಆಡಲಿಲ್ಲ. ಇಲ್ಲಿಯವರೆಗೆ ಕೋಟುಮಚಗಿಯ ಯಾವ ಹಿರಿಯನೂ ಇವರಲ್ಲಿ ಕೊರತೆ ಹುಡುಕಲಾರ. ಮಣ್ಣಿಗೆ ಬಂದವರು ಮಾಡಬೇಕಾದದ್ದನ್ನೆಲ್ಲ ಮಾಡಿದರು.

ಏಳು ದಿನ ಕಳೆದಮೇಲೆ ಯೋಬ ಬಾಯಿ ಬಿಟ್ಟ, ತಾನು ಹುಟ್ಟಿದ ದಿನವನ್ನೇ ಶಪಿಸಿದ. ಅವನು ಕೂಗಿದ್ದನ್ನು ಗೆಳೆಯರು ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪ, ಎಂದು ತಿಳಿದರು. ಕೂಡಲೇ ಸಿದ್ಧಾಂತ ಶುರುವಾಯಿತು. ತಪ್ಪಿಲ್ಲದವನು ಎಂದಾದರೂ ನಾಶವಾದದ್ದುಂಟೇ ಎಂದ ಎಲೀಫಜ. ನಿನ್ನ ಮಕ್ಕಳು ಪಾಪ ಮಾಡಿದ್ದರೆ ಅದರ ಫಲ ಉಂಡಿದ್ದಾರೆ ಎಂದ ಬಿಲ್ದದ. ಹತ್ತು ಮಕ್ಕಳನ್ನು ಕಳೆದುಕೊಂಡ ತಂದೆಯ ಮುಖಕ್ಕೇ ಹೇಳಿದ. ನಿನ್ನ ಪಾಪಕ್ಕೆ ಸಿಗಬೇಕಾದದ್ದಕ್ಕಿಂತ ಕಡಿಮೆಯೇ ಸಿಕ್ಕಿದೆ ಎಂದ ಚೋಫರ. ಇವರ ತರ್ಕದಲ್ಲಿ ಕುಂದಿಲ್ಲ. ದೇವರು ನ್ಯಾಯವಂತ, ಶಿಕ್ಷೆ ಬಂದಿದೆ, ಆದ್ದರಿಂದ ತಪ್ಪು ಇದ್ದೇ ಇದೆ. ಆಕ್ಷೇಪಕ್ಕೆ ಸಮಾಧಾನ ಬಂದಾಯಿತು. ಯೋಬನಿಗೆ ಮಾತ್ರ ಸಮಾಧಾನ ಆಗಲಿಲ್ಲ. ನೀವು ಸುಮ್ಮನೆ ಇದ್ದಿದ್ದರೆ ಅದೇ ನಿಮ್ಮ ಜಾಣತನ ಆಗುತ್ತಿತ್ತು ಎಂದ. ಸಂತೈಸಲು ಬಂದು ಬೇಸರ ತರಿಸುವವರು ಎಂದೂ ಅವರಿಗೆ ಹೆಸರಿಟ್ಟ.

ಬಸವಣ್ಣನ ಏಟು ಬೀಳುವುದು ಇಲ್ಲಿ. ಪೌಲನು ರೋಮಾಪುರದವರಿಗೆ ಬರೆಯುತ್ತ ಅಳುವವರ ಜೊತೆ ಅಳಿರಿ ಎಂದು ಬುದ್ಧಿ ಹೇಳುತ್ತಾನೆ; ಬಸವಣ್ಣ ನೋಡಿದರೆ ನೆರೆಮನೆಯ ದುಃಖಕ್ಕೆ ಅಳುವವರನ್ನು ಹೀಗಳೆಯುತ್ತಾನೆ. ಮೇಲುನೋಟಕ್ಕೆ ಇಬ್ಬರೂ ಎದುರಾಳಿಗಳು. ವಚನವನ್ನು ಮೊದಲಿನಿಂದ ಓದಿದರೆ ಹಾಗಲ್ಲ. ಅಲ್ಲಿ ಅಳುವವರು ಯಾರು? ಲೋಕದ ಡೊಂಕು ತಿದ್ದಲು ಹೊರಟವರು. ತಮ್ಮ ಮನಸ್ಸನ್ನು ತಾವು ಸಂತೈಸಿಕೊಳ್ಳದೆ, ಪಕ್ಕದ ಮನೆಯವನ ದುಃಖವನ್ನು ಅವನ ಡೊಂಕಿನ ಪುರಾವೆಯಾಗಿ ಹಿಡಿದವರು. ಎಲೀಫಜ, ಬಿಲ್ದದ, ಚೋಫರರಿಗೆ ಇದಕ್ಕಿಂತ ಸರಿಯಾದ ವಿವರಣೆ ಯೆಹೂದ್ಯ ಟೀಕಾಕಾರರಲ್ಲಿ ಹುಡುಕಬೇಕಿಲ್ಲ. ಎಂಟನೆಯ ದಿನದಿಂದ ಅವರ ಕಣ್ಣೀರು ತಿದ್ದುಪಡಿಗೆ ಪೀಠಿಕೆಯಾಗಿಬಿಟ್ಟಿತ್ತು.

ನಮ್ಮ ಕಡೆಯ ಮಾತುಗಳಲ್ಲೂ ಪೀಠಿಕೆ ಕಡಿಮೆಯೇನಿಲ್ಲ. ‘ಅಂವನ ಋಣ ಅಷ್ಟ ಇತ್ತವಾ.’ ‘ಹಣೇಬರ, ಯಾರ ತಪ್ಪಸ್ತಾರ?’ ‘ಒಳ್ಳೇವ್ರನ್ನ ದೇವರು ಲಗೂನ ಕರಕೊತಾನ.’ ಕ್ರೈಸ್ತರ ಮನೆಯಲ್ಲಾದರೆ ‘ದೇವರ ಚಿತ್ತ’. ಇವೆಲ್ಲ ಉತ್ತರಗಳೇ. ಆದರೆ ಇವನ್ನು ಹೇಳುವ ರೀತಿ ಗಮನಿಸಿ. ಬಂದ ಹೆಂಗಸು ಹೊಸ್ತಿಲಲ್ಲೇ ಕುಸಿದು ಕೂರುತ್ತಾಳೆ, ಮನೆಯಾಕೆಯ ಕೊರಳಿಗೆ ಬಿದ್ದು ಹಾಡ್ಯಾಡಿ ಅಳುತ್ತಾಳೆ. ಸತ್ತವನು ತನ್ನ ಮನೆಗೆ ಬಂದಾಗ ಏನು ಉಂಡ, ಏನು ಅಂದ, ಯಾವ ಜಾತ್ರೆಯಲ್ಲಿ ಬಳೆ ಇಡಿಸಿದ, ಎಲ್ಲ ಆ ಅಳುವಿನಲ್ಲಿ ಬರುತ್ತದೆ. ಅತ್ತು ದಣಿದಮೇಲೆ ಮೂಗು ಒರೆಸಿಕೊಳ್ಳುತ್ತ ‘ಋಣ ಅಷ್ಟ ಇತ್ತವಾ’ ಎನ್ನುತ್ತಾಳೆ. ಆ ಹೊತ್ತಿಗೆ ಅದು ಸಿದ್ಧಾಂತವಾಗಿ ಉಳಿದಿರುವುದಿಲ್ಲ, ಏಳಲು ನೆಲಕ್ಕೆ ಊರುವ ಕೈಯಾಗಿರುತ್ತದೆ. ಅದೇ ಮಾತನ್ನು ಒಬ್ಬ ಗಂಡಸು ಮೋಟರ್‌ಸೈಕಲ್ ಇಳಿಯದೆ, ಒಂದು ಕಾಲು ನೆಲಕ್ಕೆ ಕೊಟ್ಟು ಹೇಳಿದರೆ? ನಾನು ಅದನ್ನೂ ಕೇಳಿದ್ದೇನೆ. ಪದಗಳು ಒಂದೇ. ಎರಡನೆಯದು ಬಿಲ್ದದನ ಮಾತು.

ಉತ್ತರ ಕೊಡುವುದೇ ತಪ್ಪು ಎಂದು ಬೈಬಲ್ ಹೇಳುವುದಿಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಇದಕ್ಕೊಂದು ಜೋಡಿ ಉದಾಹರಣೆಯಿದೆ. ಬೇಥಾನ್ಯದಲ್ಲಿ ಲಾಜರ ಸತ್ತು ನಾಲ್ಕು ದಿನವಾಗಿದೆ. ಅಕ್ಕತಂಗಿಯರಾದ ಮಾರ್ಥ, ಮರಿಯರನ್ನು ಮಾತಾಡಿಸಲು ಬಹಳ ಜನ ಬಂದಿದ್ದಾರೆ. ಯೇಸು ಊರ ಹೊರಗೆ ಬಂದನೆಂದು ತಿಳಿದು ಮಾರ್ಥ ಎದುರು ಹೋಗಿ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಕೆಗೆ ಯೇಸು ಪುನರುತ್ಥಾನದ ವಿಷಯ ಹೇಳುತ್ತಾನೆ. ಪ್ರಶ್ನೆ ಕೇಳುತ್ತಾನೆ, ಉತ್ತರ ಪಡೆಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಮರಿಯ ಬಂದು ಕಾಲಿಗೆ ಬಿದ್ದು ಅದೇ ಮಾತನ್ನು ಹೇಳುತ್ತಾಳೆ. ಆಕೆಗೆ ಯಾವ ಉಪದೇಶವೂ ಇಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಾನೆ, ಅಳುತ್ತಾನೆ. ದೂರು ಒಂದೇ, ಕೇಳಿದವರು ಇಬ್ಬರು, ಸಮಾಧಾನ ಎರಡು. ಮಾರ್ಥ ವಾದಕ್ಕೆ ನಿಂತವಳು, ಆಕೆಗೆ ವಾದ ಬೇಕಿತ್ತು. ಮರಿಯ ಕಾಲಿಗೆ ಬಿದ್ದವಳು. ನೊಂದ ಗೆಳೆಯನ ಮುಂದೆ ಕೂತಾಗ ಅವನು ಮಾರ್ಥಳೋ ಮರಿಯಳೋ ಎಂದು ಗುರುತಿಸುವುದೇ ಕಷ್ಟದ ಕೆಲಸ. ಅದಕ್ಕೆ ಯಾವ ಅಧ್ಯಾಯವೂ ಸೂತ್ರ ಕೊಡುವುದಿಲ್ಲ.

ಈಚೆಗೆ ಸಮಾಧಾನದ ದರ ಇಳಿದಿದೆ. ಓಟದಲ್ಲಿ ನಾಲ್ಕನೆಯವನಾಗಿ ಬಂದ ಹುಡುಗನಿಗೆ ‘ಸಮಾಧಾನಕರ ಬಹುಮಾನ’ ಎಂದು ಒಂದು ಸ್ಟೀಲಿನ ಲೋಟ. ಮಂತ್ರಿಗಿರಿ ಸಿಗದವರ ‘ಅಸಮಾಧಾನ’ ಪತ್ರಿಕೆಗಳ ಮುಖಪುಟದಲ್ಲಿ ಹೊಗೆಯಾಡುತ್ತದೆ. ಅದರ ‘ಶಮನ’ಕ್ಕೆ ನಿಗಮ–ಮಂಡಳಿಗಳಿವೆ. ಮಳೆ ಕೈಕೊಟ್ಟು ಹೆಸರು ಒಣಗಿದರೆ ಸರಕಾರ ಕೊಡುವುದು ‘ಪರಿಹಾರ’, ಪಾಪ ಕಳೆಯುವುದಕ್ಕೂ ಅದೇ ಪದ. ಈಗ ಖಾತೆಗೆ ಜಮೆಯಾಗುವ ರೊಕ್ಕ. ಸಾಲಗಾರ ರೈತನ ಮನೆಗೆ ಪರಿಹಾರದ ಚೆಕ್ಕಿನೊಡನೆ ಅಧಿಕಾರಿ ಬಂದು ಫೋಟೊ ತೆಗೆಸಿಕೊಂಡು ಹೋದಮೇಲೂ ಸಮಾಧಾನ ಹೇಳುವ ಕೆಲಸ ಓಣಿಯವರ ಪಾಲಿಗೆ ಉಳಿದೇ ಇರುತ್ತದೆ. ಮೊಬೈಲಿನಲ್ಲಿ ಸಾವಿನ ಸುದ್ದಿಗೆ ಸಾಲಾಗಿ ಕೈಮುಗಿದ ಚಿತ್ರಗಳು ಬೀಳುವುದನ್ನು ನಾನು ಹೀಗಳೆಯುವುದಿಲ್ಲ. ದುಬೈನಲ್ಲಿರುವ ಮಗ ಮಣ್ಣಿಗೆ ಬರಲಾರ. ಆದರೆ ‘ಮಾತಾಡಿಸಿಕೊಂಡು ಬರೂದು’ ಎಂಬುದರಲ್ಲಿ ‘ಬರೂದು’ ಎಂಬ ಪದ ಸುಮ್ಮನೆ ಇಲ್ಲ, ಅದಕ್ಕೆ ಬಸ್ಸಿನ ಚಾರ್ಜು ಬೀಳುತ್ತದೆ.

ಯೋಬನ ಕಥೆ ಮುಗಿಯುವ ರೀತಿ ವಿಚಿತ್ರ. ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುತ್ತಾನೆ, ಕಾಡುಮೇಕೆ, ಕಾಡುಕತ್ತೆ, ಕುದುರೆ, ಗಿಡುಗ ಎಂದು ಒಂದೊಂದನ್ನೇ ತೋರಿಸುತ್ತಾನೆ. ಯೋಬನಿಗೆ ಕಷ್ಟ ಯಾಕೆ ಬಂತು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ. ಆಕ್ಷೇಪ ಹಾಗೆಯೇ ಉಳಿಯುತ್ತದೆ. ಅಷ್ಟೂ ಹೊತ್ತು ದೇವರ ಪರವಾಗಿ ವಕೀಲಿ ಮಾಡಿದ ಮೂವರು ಗೆಳೆಯರ ಮೇಲೆಯೇ ದೇವರಿಗೆ ಸಿಟ್ಟು. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಗುತ್ತದೆ.

ಆಮೇಲೆ 42ನೆಯ ಅಧ್ಯಾಯದ ಕೊನೆಯ ಭಾಗದಲ್ಲಿ ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಹಳೆಯ ಪರಿಚಯದವರು ಎಲ್ಲ ಬರುತ್ತಾರೆ. ಅವನ ಮನೆಯಲ್ಲಿ ಅವನ ಜೊತೆ ಕೂತು ಉಣ್ಣುತ್ತಾರೆ. ಮರುಗುತ್ತಾರೆ, ಸಂತೈಸುತ್ತಾರೆ. ಹೋಗುವಾಗ ಒಬ್ಬೊಬ್ಬರೂ ಒಂದು ಬೆಳ್ಳಿ ನಾಣ್ಯ, ಒಂದು ಚಿನ್ನದ ಉಂಗುರ ಕೊಡುತ್ತಾರೆ. ಅವರು ಏನು ಹೇಳಿದರೆಂದು ಗ್ರಂಥಕರ್ತ ಒಂದು ಅಕ್ಷರವೂ ಬರೆದಿಲ್ಲ. ಮೂವರು ಗೆಳೆಯರ ಮಾತಿಗೆ ಅಷ್ಟೊಂದು ಅಧ್ಯಾಯ ಕೊಟ್ಟವನು ಇವರಿಗೆ ಒಂದೇ ವಚನ ಕೊಟ್ಟಿದ್ದಾನೆ. ಯೋಬ ಬೂದಿಯಲ್ಲಿ ಕೂತಿದ್ದಾಗ ಇವರೆಲ್ಲ ಎಲ್ಲಿದ್ದರು ಎಂದೂ ಕೇಳುವುದಿಲ್ಲ. ಯೋಬನೂ ಕೇಳಿದಂತೆ ಕಾಣುವುದಿಲ್ಲ, ಎಲೆ ಹಾಕಿಸಿದ್ದಾನೆ.